ಬರೆಯದೆ ಉಳಿದ ಹಂತ

ಹದಿನಾಲ್ಕನೇ ಬ್ಯಾಚಿನ ಜೀವಕೋಶಗಳು ಸತ್ತಿದ್ದವು. ಒಂದೆರಡಲ್ಲ, ನೂರಕ್ಕೆ ಎಪ್ಪತ್ತು. ಬದುಕಿರುವ ಕೋಶ ತಟ್ಟೆಯ ತಳಕ್ಕೆ ಕಾಲು ಚಾಚಿ ಅಂಟಿಕೊಂಡಿರುತ್ತದೆ. ಸತ್ತದ್ದು ದುಂಡಗಾಗಿ ಮೇಲೆದ್ದು ತೇಲುತ್ತದೆ. ಸೂಕ್ಷ್ಮದರ್ಶಕದೊಳಗೆ ನೋಡಿದಲ್ಲೆಲ್ಲ ಬರೀ ದುಂಡು. ಎಣಿಸುವ ಅಗತ್ಯವೇ ಇರಲಿಲ್ಲ, ಆದರೂ ಮೂರು ಸಲ ಎಣಿಸಿದೆ.

ನಾನು ಐದು ವರ್ಷದಿಂದ ಮಾಡುತ್ತಿದ್ದದ್ದು ಒಂದು ಕೊಳವೆ. ಉದ್ದ ಹನ್ನೆರಡು ಮಿಲಿಮೀಟರ್, ಒಳಗಿನ ಅಗಲ ಒಂದೂವರೆ. ತುಂಡಾದ ನರದ ಎರಡು ತುದಿಗಳನ್ನು ಇದರ ಎರಡು ಬಾಯಿಗಳಲ್ಲಿ ಕೂರಿಸಿ ಹೊಲಿದರೆ, ನರ ದಾರಿ ತಪ್ಪದೆ ಒಳಗೊಳಗೇ ಬೆಳೆದು ಆ ಬದಿಯನ್ನು ಮುಟ್ಟಬೇಕು. ಅದು ಮುಟ್ಟಿದ ಮೇಲೆ ಕೊಳವೆ ತಾನಾಗಿ ಕರಗಿ ಹೋಗಬೇಕು. ಅಲ್ಲಿಯವರೆಗೆ ದೇಹ ಇದನ್ನು ಪರಕೀಯ ಎಂದು ಹೊರದೂಡಬಾರದು. ಅಂಥ ಪಾಲಿಮರ್ ಒಂದನ್ನು ನಮ್ಮ ಲ್ಯಾಬಿನಲ್ಲಿ ಕೂಡಿಸಿದ್ದೆವು. ಅದನ್ನು ಒಂದು ದ್ರಾವಕದಲ್ಲಿ ಕರಗಿಸುವುದು, ಸಣ್ಣ ಉಕ್ಕಿನ ಕಡ್ಡಿಗಳನ್ನು ಆ ಪಾಕದಲ್ಲಿ ಆರು ಸಲ ಅದ್ದಿ ತೆಗೆಯುವುದು, ದ್ರಾವಕ ಪೂರ್ತಿ ಹಾರಿಹೋಗಲೆಂದು ನಾಲ್ಕು ದಿನ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸುವುದು, ಆಮೇಲೆ ಕಡ್ಡಿಯಿಂದ ಜಾರಿಸಿ ತೆಗೆದು ಕತ್ತರಿಸುವುದು. ವಿಧಾನ ಇಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಅದು ಹನ್ನೊಂದು ಸಾಲು.

ಕೊಳವೆಯ ಪಕ್ಕದಲ್ಲಿ ಮೂರು ದಿನ ಬೆಳೆಸಿದ ಕೋಶಗಳಲ್ಲಿ ನೂರಕ್ಕೆ ಎಪ್ಪತ್ತಾದರೂ ಬದುಕಿರಬೇಕು ಎನ್ನುವುದು ನಿಯಮ. ಹಿಂದಿನ ಬ್ಯಾಚುಗಳಲ್ಲಿ ಎಂಬತ್ತಾರು, ತೊಂಬತ್ತು ಬದುಕಿದ್ದವು. ಅದನ್ನು ನೋಡಿಯೇ ಪ್ರಾಣಿ ವಿಭಾಗದ ಶಸ್ತ್ರವೈದ್ಯರು ಇಲಿಗಳ ಮೇಲೆ ಪ್ರಯೋಗ ಮಾಡಲು ಒಪ್ಪಿದ್ದರು. ತಾರೀಕು ಇಪ್ಪತ್ತಾರು. ಆ ತಾರೀಕಿಗಾಗಿ ಹದಿನಾಲ್ಕು ತಿಂಗಳು ಸರದಿಯಲ್ಲಿ ಕಾದಿದ್ದೆ. ತಪ್ಪಿದರೆ ಸರದಿ ಇನ್ನೊಂದು ತಂಡಕ್ಕೆ ಹೋಗುತ್ತದೆ. ನನ್ನ ಫೆಲೋಶಿಪ್ ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಅವತ್ತು ಒಂದನೇ ತಾರೀಕು.

ಮೇಡಂ ಅಂಕಿಗಳನ್ನು ನೋಡಿ ಕನ್ನಡಕ ತೆಗೆದಿಟ್ಟರು. ನನ್ನ ಮಾರ್ಗದರ್ಶಕಿ ಮಾತು ಕಡಿಮೆಯವರು. ನಾನು ಅವರ ಲ್ಯಾಬನ್ನು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

"ಏನು ಬದಲಾಗಿದೆ?"

"ಏನೂ ಇಲ್ಲ ಮೇಡಂ. ಅದೇ ಪಾಲಿಮರ್, ಅದೇ ದ್ರಾವಕ, ಅದೇ ಓವನ್."

"ಏನೋ ಬದಲಾಗಿದೆ. ಕೋಶಗಳಿಗೆ ಸುಳ್ಳು ಹೇಳೋಕೆ ಬರಲ್ಲ." ಕನ್ನಡಕ ಹಾಕಿಕೊಂಡು ತಮ್ಮ ಓದಿಗೆ ಮರಳಿದರು.

ಕೊಳವೆಯ ಚೂರನ್ನು ವಾಸನೆ ಅಳೆಯುವ ಯಂತ್ರಕ್ಕೆ ಕೊಟ್ಟೆ. ಅದನ್ನು ಹಾಗೆ ಕರೆಯುವುದು ನಾವು ಮಾತ್ರ. ಬಿಸಿ ಮಾಡಿದಾಗ ಯಾವ ಆವಿ ಎಷ್ಟು ಬರುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ದ್ರಾವಕ ಉಳಿದಿದೆ ಎಂದಿತು. ಬೇಕಾದಷ್ಟು. ಚೆನ್ನಾಗಿ ಬಂದ ಹಿಂದಿನ ಬ್ಯಾಚುಗಳ ಹಾಳೆ ತೆಗೆದು ನೋಡಿದರೆ ಅಲ್ಲಿ ಸೊನ್ನೆ. ಅಂದರೆ ಕೋಶಗಳನ್ನು ಕೊಂದದ್ದು ಪಾಲಿಮರ್ ಅಲ್ಲ, ಅದರ ಮೈಯಲ್ಲಿ ಅಡಗಿ ಕೂತ ದ್ರಾವಕ. ಓವನ್ನಿನ ಮೇಲೆ ಅನುಮಾನ ಬಂತು. ಪಂಪು ರಿಪೇರಿಯವರನ್ನು ಕರೆಸಿದೆ. ಅವರು ಎಣ್ಣೆ ನೋಡಿದರು, ಪಟ್ಟಿ ನೋಡಿದರು, ಬಾಗಿಲ ರಬ್ಬರಿಗೆ ಕಿವಿಯಿಟ್ಟು ಕೇಳಿದರು.

"ಇದು ನನಗಿಂತ ಚೆನ್ನಾಗಿ ಉಸಿರಾಡ್ತಿದೆ ಅಮ್ಮ. ಕಾಯಿಲೆ ಬೇರೆ ಎಲ್ಲೋ ಇದೆ, ಹುಡುಕಿ."

ಹದಿನೈದನೇ ಬ್ಯಾಚನ್ನು ನಾಲ್ಕರ ಬದಲು ಎಂಟು ದಿನ ಒಣಗಿಸಿದೆ. ಆ ಎಂಟು ದಿನ ಸುಮ್ಮನೆ ಕೂರಲಿಲ್ಲ. ದ್ರಾವಕದ ಹೊಸ ಬಾಟಲಿ ತೆರೆದು ಪರೀಕ್ಷಿಸಿದೆ. ತಕ್ಕಡಿಯನ್ನು ತಾಳೆ ನೋಡಿದೆ. ಮೊದಲ ಪುಟದಿಂದ ನೋಟ್‌ಬುಕ್ಕಿನ ಪ್ರತಿ ಸಾಲಿಗೂ ಬೆರಳಿಟ್ಟು ಓದಿದೆ. ಹನ್ನೊಂದನೇ ತಾರೀಕು, ಶನಿವಾರ, ಯಂತ್ರದ ಹಾಳೆ ಕೈಗೆ ಬಂತು. ಎಂಟು ದಿನ ಒಣಗಿದರೂ ದ್ರಾವಕ ಹಾಗೇ ಉಳಿದಿತ್ತು. ಹಾಗಾದರೆ ಹಿಂದಿನ ಬ್ಯಾಚುಗಳಿಂದ ನಾಲ್ಕೇ ದಿನದಲ್ಲಿ ಅದು ಹೋದದ್ದಾದರೂ ಹೇಗೆ?

ನನ್ನ ಪಕ್ಕದ ಮೇಜಿನವನಿಗೆ ನಾವು ಇಟ್ಟ ಹೆಸರು ಗಡಿಯಾರ, ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ ಎಂಬ ಕಾರಣಕ್ಕೆ. ಆ ದಿನ ಹನ್ನೊಂದೂವರೆಗೆ ಬಂದು, ನನ್ನ ಮುಖ ನೋಡಿ, ಚೀಲ ಇಳಿಸುವ ಮೊದಲೇ ಕೇಳಿದ.

"ಯಾರು ಸತ್ರು?"

"ಯಾರೂ ಇಲ್ಲ. ದ್ರಾವಕ ಹೋಗ್ತಿಲ್ಲ."

"ಅದೂ ನಿನ್ನ ಥರಾನೇ ಬಿಡು, ಕೂತ ಜಾಗ ಬಿಟ್ಟು ಏಳಲ್ಲ." ನಾನು ನಗಲಿಲ್ಲ. ಅವನು ಸ್ಟೂಲು ಎಳೆದುಕೊಂಡ. "ಅಕ್ಕನ ಹತ್ರ ಒಂದು ಟೀ ಕೇಳಿ ಕುಡಿ. ಓ, ಅವರು ನಿಂಗೆ ಕೊಡಲ್ವಲ್ಲ."

"ಯಾಕೆ ಕೊಡಲ್ಲ?"

"ಏನು ಯಾಕೆ? ಅವರು ನಿನ್ನ ಜೊತೆ ಮಾತು ಬಿಟ್ಟು ತಿಂಗಳಾಯ್ತು. ಗೊತ್ತೇ ಇಲ್ವಾ?"

ಗೊತ್ತಿರಲಿಲ್ಲ. ಅಕ್ಕ ಎಂದರೆ ಲ್ಯಾಬಿನ ಗಾಜಿನ ಸಾಮಾನು ತೊಳೆಯುವವರು, ವಯಸ್ಸು ಐವತ್ತೈದರ ಹತ್ತಿರ. ಬೆಳಿಗ್ಗೆ ಏಳಕ್ಕೆ ಬಂದು ಕಾರಿಡಾರಿನ ಕೊನೆಯ ತೊಳೆಯುವ ಕೋಣೆಯಲ್ಲಿ ಕೆಲಸ ಶುರು ಮಾಡುತ್ತಾರೆ. ಮೊದಲು ನನ್ನನ್ನು ಪುಟ್ಟಿ ಎನ್ನುತ್ತಿದ್ದರು. ಹಿಂದಿನ ದಿನದ ಜಗಳ, ಬಸ್ಸಿನ ಜನ, ಮಗಳ ಗಂಡನ ಗೊರಕೆ, ಎಲ್ಲ ಹೇಳುತ್ತಿದ್ದರು. ಈಚೆಗೆ ಸುಮ್ಮನಿದ್ದರು. ನನಗೆ ಸುಮ್ಮನಿರುವವರೆಂದರೆ ಇಷ್ಟ. ಇಬ್ಬರ ನಡುವೆ ಮಾತು ಬೇಡವಾಗುವಷ್ಟು ಸಲಿಗೆ ಬೆಳೆದಿದೆ ಎಂದುಕೊಂಡಿದ್ದೆ. ‘ಪುಟ್ಟಿ’ ಹೋಗಿ ‘ನೀವು’ ಬಂದದ್ದೂ ಕಿವಿಗೆ ಬಿದ್ದಿತ್ತು. ಅದನ್ನು ಗೌರವ ಎಂದುಕೊಂಡಿದ್ದೆ.

"ಯಾವತ್ತಿಂದ?" ಕೇಳಿದೆ.

"ನೀನು ಆ ಚೀಟಿ ಅಂಟಿಸಿದ ದಿನದಿಂದ. ಕೆಂಪು ಅಕ್ಷರದಲ್ಲಿ. ಅದನ್ನ ಓದಿ ನಾನೇ ಎರಡು ದಿನ ನಿನ್ನ ಮೇಜಿನ ಕಡೆ ಉಸಿರು ಬಿಡಲಿಲ್ಲ."

ಓವನ್ನಿನಿಂದ ತೆಗೆದ ಕಡ್ಡಿಗಳ ಟ್ರೇಯನ್ನು ನಾನು ಒಂದು ರಾತ್ರಿ ಇಡುತ್ತಿದ್ದದ್ದು ತೊಳೆಯುವ ಕೋಣೆಯ ಗಾಜಿನ ಬೀರುವಿನಲ್ಲಿ. ಇಡೀ ಮಹಡಿಯಲ್ಲಿ ಧೂಳಿಲ್ಲದ ಬೀರು ಅದೊಂದೇ. ಇಲಿ ಪ್ರಯೋಗದ ತಾರೀಕು ಗೊತ್ತಾದ ಮೇಲೆ ಎಲ್ಲವೂ ಕಟ್ಟುನಿಟ್ಟಾಗಿರಲಿ ಎಂದು ಟ್ರೇಯ ಮೇಲೊಂದು ಚೀಟಿ ಅಂಟಿಸಿದ್ದೆ: ಯಾರೂ ಮುಟ್ಟಬೇಡಿ, ಮುಟ್ಟಿದರೆ ಇಡೀ ಬ್ಯಾಚ್ ಹಾಳು. ಬರೆದದ್ದು ಯಾರಿಗೆಂದು ಯೋಚಿಸಿರಲಿಲ್ಲ. ಆ ಕೋಣೆಗೆ ದಿನವೂ ಹೋಗುವವರು ಒಬ್ಬರೇ.

ನೋಟ್‌ಬುಕ್ ತೆರೆದೆ. ಚೀಟಿ ಅಂಟಿಸಿದ್ದು ಹದಿಮೂರನೇ ಬ್ಯಾಚು ಮುಗಿದ ಮಾರನೇ ದಿನ. ತೊಳೆಯುವ ಕೋಣೆಗೆ ನಡೆದೆ.

ಅಕ್ಕ ತೊಟ್ಟಿಯ ಮುಂದೆ ನಿಂತು ಉದ್ದ ಕತ್ತಿನ ಬಾಟಲಿಗಳೊಳಗೆ ಬ್ರಷ್ ತಿರುಗಿಸುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ವಿದ್ಯುತ್ ಕೆಟಲು ಗುಳುಗುಳು ಎನ್ನುತ್ತಿತ್ತು.

"ಅಕ್ಕಾ, ಒಂದು ಮಾತು."

"ಹೇಳಿ."

"ಬೀರುವಿನಲ್ಲಿ ಇಡ್ತೀನಲ್ಲ, ಆ ಕಡ್ಡಿಗಳು..."

"ನಾನೇನೂ ಮುಟ್ಟಿಲ್ಲ." ಬ್ರಷ್ ನಿಲ್ಲಲಿಲ್ಲ. "ನೀವು ಬರೆದು ಅಂಟಿಸಿದ ಮೇಲೆ ಆ ಬಾಗಿಲನ್ನೂ ತೆಗೆದಿಲ್ಲ."

"ಈಗ ಮುಟ್ಟಿಲ್ಲ. ಮೊದಲು?"

ಬ್ರಷ್ ನಿಂತಿತು. ನೀರು ಸುರಿಯುತ್ತಲೇ ಇತ್ತು. ನಾನು ಬಾಗಿಲು ಮುಂದೆ ಮಾಡಿ, ಹಾಲು ತರುವ ಕ್ರೇಟೊಂದರ ಮೇಲೆ ಕೂತೆ. ಅವರು ಬಾಟಲಿಯನ್ನು ತೊಳೆದು, ಬೋರಲಾಗಿ ಇಟ್ಟು, ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡರು. ಇಷ್ಟಕ್ಕೂ ಬಹಳ ಹೊತ್ತು ತೆಗೆದುಕೊಂಡರು.

"ಎರಡು ವರ್ಷದ ಹಿಂದೆ ಇಲ್ಲಿ ನನ್ನ ಜೊತೆ ಇನ್ನೊಬ್ಬಳಿದ್ದಳು," ಎಂದರು. "ಯಾರದೋ ತಟ್ಟೆ ಕೊಳೆಯಾಗಿದೆ ಅಂತ ತೊಳೆದಿಟ್ಟಳು. ಅದು ಕೊಳೆಯಲ್ಲ, ಬೆಳೆಸಿದ್ದಂತೆ. ಸಂಜೆಗೆ ಕೆಲಸ ಹೋಯ್ತು. ಮುಂದಿನ ತಿಂಗಳು ನನ್ನ ಕಾಂಟ್ರಾಕ್ಟು ಹೊಸದಾಗಬೇಕು. ಅದನ್ನ ತಿಳ್ಕೊಂಡು ಕೇಳಿ, ಏನು ಕೇಳ್ತೀರೋ."

"ನೀವು ಅದನ್ನ ತೊಳೀತಿದ್ರಾ?"

"ಕೆಟ್ಟ ವಾಸನೆ," ಎಂದರು ಅಕ್ಕ. "ಹಸಿ ಮೀನು ಬಿಸಿಲಲ್ಲಿ ಇಟ್ಟ ಹಾಗೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ಕೋಣೆ ತುಂಬ ಅದೇ. ನಿಮಗ್ಯಾರಿಗೂ ಬರಲ್ಲ, ದಿನಾ ಅದರಲ್ಲೇ ಮುಳುಗಿರ್ತೀರಿ. ನೀನೇ ತಾನೆ ಹೇಳಿದ್ದು, ಮನುಷ್ಯರ ಮೈಯೊಳಗೆ ಇಡೋ ಸಾಮಾನು ಅಂತ? ನಾತ ಹೊಡೆಯೋದನ್ನ ಯಾರಾದ್ರೂ ಮೈಯೊಳಗೆ ಇಡ್ತಾರಾ? ಅದಕ್ಕೆ ತೊಳೆದೆ. ಗ್ಲೌಸ್ ಹಾಕ್ಕೊಂಡೇ ತೊಳೆದೆ, ಬರಿಗೈಯಲ್ಲಿ ಅಲ್ಲ. ನೀನು ಹತ್ತಕ್ಕೆ ಬರೋ ಹೊತ್ತಿಗೆ ಒಣಗಿ ಬೀರುವಿನೊಳಗೆ ಇರ್ತಿತ್ತು."

"ಎಷ್ಟು ಬ್ಯಾಚು?"

"ಮೊದಲೆರಡು ಬಿಟ್ಟೆ. ಆಮೇಲೆ ಎಲ್ಲಾನೂ."

ಮೊದಲೆರಡು ಬ್ಯಾಚುಗಳಲ್ಲಿ ಕೋಶಗಳು ಸತ್ತಿದ್ದವು. ಕೈ ಪಳಗಿಲ್ಲ, ಅದಕ್ಕೇ ಹೀಗಾಗಿದೆ ಎಂದು ಮೇಡಂ ಹೇಳಿದ್ದರು. ಮೂರನೆಯದರಿಂದ ಎಲ್ಲ ಸರಿಹೋಯಿತು. ಕೈ ಪಳಗಿತು ಎಂದು ನಾನೂ ನಂಬಿದೆ. ಪಳಗಿದ್ದು ನನ್ನ ಕೈಯಲ್ಲ. ಹನ್ನೊಂದು ಬ್ಯಾಚಿನ ಅಂಕಿಗಳು, ಯಂತ್ರದ ಸೊನ್ನೆಗಳು, ಪತ್ರಿಕೆಗೆ ಕಳಿಸಿಕೊಟ್ಟ ಲೇಖನ, ಎಲ್ಲವೂ ನಿಂತಿದ್ದದ್ದು ಈ ಕೋಣೆಯ ಬಿಸಿನೀರಿನ ಮೇಲೆ. ನನ್ನ ಹನ್ನೊಂದು ಸಾಲನ್ನು ಓದಿಕೊಂಡು ಬೇರೆ ಊರಿನಲ್ಲಿ ಯಾರಾದರೂ ಕೊಳವೆ ಮಾಡಿದರೆ ಅದು ವಿಷ.

"ಈಗ ಏನು ಮಾಡ್ತಿ?" ಅಕ್ಕ ಕೇಳಿದರು.

"ಗೊತ್ತಿಲ್ಲ."

"ಹಳೇ ಹಾಗೆ ತೊಳೆದು ಕೊಡ್ಲಾ? ಯಾರಿಗೂ ಹೇಳೋದು ಬೇಡ. ನಿನ್ನ ತಾರೀಕೂ ತಪ್ಪಲ್ಲ, ನನ್ನ ಕೆಲಸಾನೂ ಉಳಿಯುತ್ತೆ."

ಆ ಮಾತು ಅವರ ಬಾಯಿಂದ ಬರುವ ಮೊದಲೇ ನನ್ನ ತಲೆಯಲ್ಲಿ ಬಂದು ಕೂತಿತ್ತು.

ಮಾರನೇ ದಿನ ಭಾನುವಾರ. ಮನೆಗೆ ಹೋದೆ. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಸೇಬು ಹೆಚ್ಚುತ್ತಿದ್ದರು. ಚಾಕು ಎಡಗೈಯಲ್ಲಿ. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಅವರದು, ಇಪ್ಪತ್ತಾರು ವರ್ಷ ಮಾಡಿದ್ದರು. ಒಂದು ದಿನ ದೊಡ್ಡ ಗಾಜೊಂದು ಕೈಯಲ್ಲೇ ಒಡೆದು ಬಲ ಮಣಿಕಟ್ಟಿನ ನರ ತುಂಡಾಯಿತು. ಹೊಲಿದರು, ಕೂಡಲಿಲ್ಲ. ಕಿರುಬೆರಳು, ಉಂಗುರದ ಬೆರಳು ಎರಡೂ ಅವರ ಪಾಲಿಗೆ ಇಲ್ಲ. ಒಮ್ಮೆ ಬಿಸಿ ಪಾತ್ರೆಗೆ ತಾಗಿ ಬೆರಳು ಸುಟ್ಟು, ವಾಸನೆ ಬಂದ ಮೇಲೆ ಗೊತ್ತಾಗಿತ್ತು.

"ಬಂತು ನೋಡು, ನಮ್ಮನೆ ಮೌನಗೌರಿ," ಎಂದಳು ಅಮ್ಮ. "ಅಪ್ಪ ಒಂದು, ಮಗಳು ಒಂದು. ನಿಮ್ಮಿಬ್ಬರ ಮಧ್ಯೆ ನನಗೆ ಗೋಡೆ ಜೊತೆ ಮಾತಾಡಿ ಅಭ್ಯಾಸವಾಗಿದೆ. ಅದಾದ್ರೂ ಒಂದೊಂದ್ಸಲ ಪ್ರತಿಧ್ವನಿ ಕೊಡುತ್ತೆ."

"ನಿನ್ನ ಕೊಳವೆ ಎಲ್ಲಿಗೆ ಬಂತು?" ಅಪ್ಪ ಕೇಳಿದರು. ಪ್ರತಿ ಭಾನುವಾರ ಕೇಳುವ ಪ್ರಶ್ನೆ.

ಹೇಳಿಬಿಟ್ಟೆ. ಚೀಟಿ, ಬಿಸಿನೀರು, ಅಕ್ಕನ ಕಾಂಟ್ರಾಕ್ಟು, ಇಪ್ಪತ್ತಾರನೇ ತಾರೀಕು. ನಾನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಅಮ್ಮ ಯಾವತ್ತೂ ಕೇಳಿರಲಿಲ್ಲವೇನೋ, ಕೈಲಿದ್ದ ಬಟ್ಟೆ ಮಡಿಸುವುದನ್ನು ಬಿಟ್ಟು ನೋಡುತ್ತ ನಿಂತಳು.

ಅಪ್ಪ ಸೇಬಿನ ಹೋಳನ್ನು ನನ್ನ ಕಡೆ ತಳ್ಳಿದರು. "ಅವತ್ತು ಆ ಗಾಜು ತಂದು ಕೊಟ್ಟವನಿಗೆ ಮೂಲೇಲಿ ಬಿರುಕಿದೆ ಅಂತ ಗೊತ್ತಿತ್ತು," ಎಂದರು. "ಆಮೇಲೆ ಆಸ್ಪತ್ರೆಗೆ ಬಂದು ಅತ್ತ. ಹೇಳಿದ್ರೆ ಮಾಲೀಕರು ಬೈತಾರೆ ಅಂತ ಸುಮ್ಮನಿದ್ದನಂತೆ. ಕೆಟ್ಟವನಲ್ಲ ಅವನು. ಮಾತು ಕಡಿಮೆ, ಅಷ್ಟೇ."

ಹನ್ನೆರಡು ವರ್ಷದಲ್ಲಿ ಈ ಸಂಗತಿಯನ್ನು ಅವರು ನಮಗೆ ಹೇಳಿರಲಿಲ್ಲ. ಅಮ್ಮ ಅಲ್ಲೇ ಕೂತಳು. ಬೇರೆ ಯಾರೂ ಏನೂ ಅನ್ನಲಿಲ್ಲ. ಅಂಥ ಹೊತ್ತು ನನಗೆ ಯಾವಾಗಲೂ ಹಿತವಾಗಿರುತ್ತಿತ್ತು. ಅವತ್ತು ಇರಲಿಲ್ಲ.

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ತೊಳೆಯುವ ಕೋಣೆಗೆ ಹೋದೆ. ಅಕ್ಕ ಚೀಲವನ್ನು ಮೊಳೆಗೆ ತಗುಲಿಸುತ್ತಿದ್ದರು.

"ಮೇಡಂಗೆ ಹೇಳ್ತೀನಿ ಅಕ್ಕ. ತಪ್ಪು ನಂದು ಅಂತಾನೇ ಹೇಳ್ತೀನಿ. ನನ್ನ ಕೊಳವೆ ಒದ್ದೆಯಾಗಿ ಒಣಗಿದ್ದು ನನಗೇ ಗೊತ್ತಾಗಲಿಲ್ಲ. ನಿಮ್ಮ ಹೆಸರು ಹೇಳದೆ ಇರೋಕೆ..."

"ಹೆಸರು ಹೇಳದೆ ಏನಂತ ಹೇಳ್ತಿ? ಬೆಕ್ಕು ಬಂದು ತೊಳೆದು ಹೋಯ್ತು ಅಂತಾನಾ?" ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾನೂ ಎರಡು ರಾತ್ರಿ ಅದನ್ನೇ ಯೋಚಿಸಿದೆ. ಯಾರದೋ ಕೈಯೊಳಗೆ ಹಾಕೋದು ಅದು. ನಾನು ರಜೆ ಹಾಕಿದ ದಿನ ಮಾಡಿದ್ದು ಹೋಗಿ ಅವರ ಪಾಲಿಗೆ ಬಿದ್ರೆ? ನಡಿ. ನಾನೇ ಹೇಳ್ತೀನಿ. ನೀನು ಹೇಳೋಕೆ ಶುರು ಮಾಡಿದ್ರೆ ಅರ್ಧ ನುಂಗ್ತಿ."

ಮೇಡಂ ಕೋಣೆಯಲ್ಲಿ ಅಕ್ಕ ಕೂರಲಿಲ್ಲ. ನಿಂತೇ, ಮೊದಲಿಂದ ಕೊನೆವರೆಗೆ, ಒಂದೇ ಉಸಿರಿಗೆ ಹೇಳಿದರು. ಮೇಡಂ ಮುಖದಲ್ಲಿ ಏನೂ ಕದಲಲಿಲ್ಲ. ಕೊನೆಗೆ ಎರಡು ಬಿಳಿ ಹಾಳೆಗಳನ್ನು ಮೇಜಿನ ಮೇಲೆ ಸರಿಸಿದರು.

"ಹೇಳದೆ ಮುಟ್ಟಿದ್ದು ತಪ್ಪು. ಅದನ್ನ ಬರೆದು ಸಹಿ ಹಾಕಿ ಕೊಡಿ, ಫೈಲಿಗೆ ಹೋಗುತ್ತೆ." ನನ್ನ ಕಡೆ ತಿರುಗಿದರು. "ಹನ್ನೊಂದು ಬ್ಯಾಚು ನೀರು ಕಂಡಿದ್ದು ನಿನಗೆ ಗೊತ್ತಾಗಲಿಲ್ಲ. ಅದನ್ನ ನೀನು ಬರೆದು ಕೊಡು. ಅದೂ ಫೈಲಿಗೆ. ಲೇಖನ ವಾಪಸ್ ಕೇಳಿ ಪತ್ರ ಇವತ್ತೇ ಹೋಗಬೇಕು."

"ಇವರ ಕಾಂಟ್ರಾಕ್ಟು ಮೇಡಂ..."

"ಅದು ನನ್ನ ಕೈಲಿದೆ, ನಿನ್ನ ಕೈಲಿಲ್ಲ." ಅಕ್ಕನ ಕಡೆ ನೋಡುತ್ತ ಕೇಳಿದರು. "ಆ ವಾಸನೆ ನಿಮಗೆ ಈಗಲೂ ಗೊತ್ತಾಗುತ್ತಾ?"

"ಈ ಕೋಣೆಯಲ್ಲೂ ಇದೆ. ಇವಳ ಕೋಟಿನಿಂದ ಬರ್ತಿದೆ."

ಮೇಡಂ ತಮ್ಮ ತೋಳನ್ನು ಮೂಸಿ ನೋಡಿಕೊಂಡರು, ಆಮೇಲೆ ಕ್ಯಾಲೆಂಡರಿನ ಕಡೆ ತಿರುಗಿದರು. "ಅದ್ದೋದಕ್ಕೆ ಒಂದು ದಿನ, ಓವನ್ ನಾಲ್ಕು, ತೊಳೆಯೋಕೆ ಒಂದು, ಕೋಶಕ್ಕೆ ಮೂರು. ಇವತ್ತು ಶುರು ಮಾಡಿದ್ರೆ ಇಪ್ಪತ್ತೆರಡಕ್ಕೆ ಎಣಿಕೆ. ಒಂದು ಬ್ಯಾಚು ಸಾಲದು. ಇವತ್ತು, ನಾಳೆ, ನಾಡಿದ್ದು, ಬೇರೆ ಬೇರೆ ದಿನ ಮೂರು. ಮೂರೂ ಎಪ್ಪತ್ತು ದಾಟಬೇಕು. ದಾಟಿದ್ರೆ ಇಪ್ಪತ್ತಾರಕ್ಕೆ ಹೋಗು. ತೊಳೆಯೋದನ್ನ ವಿಧಾನದೊಳಗೆ ಬರೀರಿ. ಇಬ್ಬರೂ ಕೂತು."

ಬರೆಯಲು ಕೂತೆವು. ಅಷ್ಟು ಕಷ್ಟದ ಬರವಣಿಗೆಯನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ.

"ನೀರು ಎಷ್ಟು ಬಿಸಿ?"

"ಕೈ ತಡೆಯೋವಷ್ಟು."

"ಯಾರ ಕೈ ಅಕ್ಕ?"

"ನನ್ನ ಕೈ. ನಿನ್ನ ಕೈ ಅಂದ್ರೆ ಉಗುರುಬೆಚ್ಚಗೇ ಕಿರುಚ್ತಿ."

ಅವರು ಕೆಟಲಿನ ನೀರಿಗೆ ತಣ್ಣೀರು ಬೆರೆಸಿ, ಬೆರಳಿಟ್ಟು, ಸರಿ ಎಂದಾಗ ನಾನು ಥರ್ಮಾಮೀಟರ್ ಅದ್ದುತ್ತಿದ್ದೆ. ಹತ್ತು ಸಲ ಮಾಡಿಸಿದೆ. ನಲವತ್ತೇಳು, ನಲವತ್ತೆಂಟು, ನಲವತ್ತೇಳು, ನಲವತ್ತೊಂಬತ್ತು. ಗಡಿಯಾರ ಇಣುಕಿ ನೋಡಿ, "ಅಕ್ಕನ ಬೆರಳನ್ನೇ ಕತ್ತರಿಸಿ ಲ್ಯಾಬಿಗೆ ಇಟ್ಕೊಳ್ಳಿ, ಥರ್ಮಾಮೀಟರ್ ಯಾಕೆ?" ಎಂದ. "ನಿನ್ನ ನಾಲಿಗೆ ಮೊದಲು ಕತ್ತರಿಸ್ತೀನಿ, ಬಾ ಇಲ್ಲಿ," ಎಂದರು ಅಕ್ಕ. ಎಷ್ಟು ಹೊತ್ತು ಎಂದರೆ, ಒಂದು ಟೀ ಕುಡಿದು ಲೋಟ ತೊಳೆದಿಡುವಷ್ಟು. ಟೀ ಕುಡಿದೆವು, ಲೋಟ ತೊಳೆದೆವು, ಇಪ್ಪತ್ತು ನಿಮಿಷ. ಎಷ್ಟು ಸಲ ಎಂದರೆ ಮೂರು, ಒಂದೊಂದು ಸಲ ನಾಲ್ಕು, ವಾಸನೆ ಹೋಗುವವರೆಗೆ. ಇಲ್ಲಿ ನಾನು ಹಟ ಹಿಡಿದೆ. ವಾಸನೆ ಹೋಗುವವರೆಗೆ ಎಂದು ಬರೆದರೆ ಬೇರೆ ಲ್ಯಾಬಿನವರು ಯಾರ ಮೂಗನ್ನು ನಂಬಬೇಕು? ಮೂರು ಸಲ ಎಂದು ಬರೆದೆ. ನಲ್ಲಿ ನೀರಿನ ಬದಲು ಶುದ್ಧೀಕರಿಸಿದ ನೀರು. ಹನ್ನೊಂದು ಸಾಲು ಹದಿನಾಲ್ಕಾಯಿತು.

ಹದಿನೆಂಟನೇ ತಾರೀಕು ಮೊದಲ ಬ್ಯಾಚು ಓವನ್ನಿನಿಂದ ಬಂತು. ಮೂರು ಸಲ ತೊಳೆದೆವು. ಅಕ್ಕ ಒಂದು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ತಲೆಯಾಡಿಸಿದರು. ಹತ್ತೊಂಬತ್ತಕ್ಕೆ ಎರಡನೆಯದೂ ಹಾಗೆಯೇ ಆಯಿತು. ಇಪ್ಪತ್ತಕ್ಕೆ ಮೂರನೆಯದನ್ನು ತೊಳೆದು ಮುಗಿಸಿದಾಗ ಅವರು ಕಡ್ಡಿಯನ್ನು ಕೆಳಗಿಡಲಿಲ್ಲ.

"ಇನ್ನೂ ಇದೆ," ಎಂದರು.

"ಮೂರು ಸಲ ಆಯ್ತಲ್ಲ."

"ಆಯ್ತು. ಆದ್ರೂ ಇದೆ. ಇನ್ನೊಂದು ಸಲ ಹಾಕೋಣ."

ನಾನು ಯೋಚಿಸಿದೆ. ನಾಲ್ಕನೇ ಸಲ ತೊಳೆದರೆ ಅದು ಬೇರೆ ವಿಧಾನ. ಮೂರು ಬ್ಯಾಚುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ಬರುವುದಿಲ್ಲ. ತೊಳೆಯದಿದ್ದರೆ ಸೋಲಬಹುದು. ಅವರ ಮೂಗಿನ ಮೇಲೆ ನನಗೆ ಅನುಮಾನ ಇರಲಿಲ್ಲ. ಆದರೂ ಬೇಡ ಎಂದೆ.

"ಬರೆದ ಹಾಗೆ ಮಾಡಿದ್ರೆ ಏನಾಗುತ್ತೆ ಅಂತ ತಿಳೀಬೇಕು ಅಕ್ಕ. ನೀವು ಸರಿಮಾಡಿ ಕೊಟ್ರೆ ಮತ್ತೆ ಮೊದಲಿನ ಕಥೆ."

"ನಿನ್ನ ತಲೆ ಗಟ್ಟಿ ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ," ಎಂದು ಅಕ್ಕ ಕಡ್ಡಿಯನ್ನು ಟ್ರೇಯಲ್ಲಿಟ್ಟರು. ಆ ಮಾತಿನಲ್ಲಿ ಮುನಿಸು ಇತ್ತೋ ಮೆಚ್ಚುಗೆ ಇತ್ತೋ, ಕೇಳಿ ತಿಳಿದುಕೊಂಡೆ. ಇಂಥದ್ದನ್ನು ಊಹೆಗೆ ಬಿಡುವುದನ್ನು ನಿಲ್ಲಿಸಿದ್ದೆ. "ಎರಡೂ," ಎಂದರು.

ಇಪ್ಪತ್ತೆರಡಕ್ಕೆ ಎಣಿಸಿದೆ: ಎಂಬತ್ತೆಂಟು. ಇಪ್ಪತ್ಮೂರಕ್ಕೆ ತೊಂಬತ್ತೊಂದು. ಕೋಶಗಳು ಕಾಲು ಚಾಚಿ, ಒಂದರ ಪಕ್ಕ ಒಂದು, ಕೊಳವೆಯ ಅಂಚಿನವರೆಗೂ ಹಬ್ಬಿ ಮಲಗಿದ್ದವು. ಇಪ್ಪತ್ನಾಲ್ಕಕ್ಕೆ ಮೂರನೇ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅರ್ಧ ತಟ್ಟೆ ಚೆನ್ನಾಗಿತ್ತು. ಕೊಳವೆಗೆ ಹತ್ತಿರದಲ್ಲಿ ದುಂಡಗಿನವು ತೇಲುತ್ತಿದ್ದವು. ಅರವತ್ನಾಲ್ಕು.

ಕೊಳವೆಯ ಗೋಡೆಯನ್ನು ಅಳೆದೆ. ಅದನ್ನು ಅದ್ದಿದ ದಿನ ಲ್ಯಾಬು ತಣ್ಣಗಿತ್ತು, ಪಾಕ ಗಟ್ಟಿಯಾಗಿತ್ತು. ಅದೇ ಆರು ಸಲ ಅದ್ದಿದರೂ ಗೋಡೆ ಕೂದಲೆಳೆಯಷ್ಟು ದಪ್ಪವಾಗಿತ್ತು. ದಪ್ಪ ಗೋಡೆಯೊಳಗಿನ ದ್ರಾವಕಕ್ಕೆ ಮೂರು ನೀರು ಸಾಲಲಿಲ್ಲ. ಅಕ್ಕನಿಗೆ ಅದು ಅಳತೆಯಿಲ್ಲದೆ ತಿಳಿದಿತ್ತು.

ಗಡಿಯಾರ ನನ್ನ ಹಾಳೆಯ ಮೇಲೆ ಪೆನ್ನಾಡಿಸಿದ. "ಮೂರೂ ಕೂಡಿಸಿ ಭಾಗಿಸು. ಎಂಬತ್ತೊಂದು. ಸರಾಸರಿ ಎಂಬತ್ತೊಂದು ಅಂತ ಬರಿ. ಒಂದಕ್ಷರ ಸುಳ್ಳಿಲ್ಲ."

"ಇಲ್ಲ."

"ಎಲ್ಲರೂ ಹಾಗೇ ಬರೆಯೋದು."

"ಇಲಿಗೆ ಸರಾಸರಿ ಕೊಳವೆ ಹಾಕಲ್ಲ. ಒಂದೇ ಹಾಕೋದು. ಅದು ಮೂರನೇದೇ ಆಗಬಹುದು."

ಅವನು ತಮಾಷೆ ಮಾಡಲಿಲ್ಲ. ಪೆನ್ನನ್ನು ನನ್ನ ಜೇಬಿಗೆ ಸಿಕ್ಕಿಸಿ ಎದ್ದು ಹೋದ.

ಮೇಡಂ ಮೂರು ಅಂಕಿಗಳನ್ನೂ ನೋಡಿದರು. "ಫೋನು ನಾನು ಮಾಡ್ಲಾ, ನೀನು ಮಾಡ್ತೀಯಾ?" ಎಂದಷ್ಟೇ ಕೇಳಿದರು.

ನಾನೇ ಮಾಡಿದೆ. ಕಾರಿಡಾರಿನಲ್ಲಿ ನಿಂತು, ಏನೂ ನುಂಗದೆ, ಶಸ್ತ್ರವೈದ್ಯರಿಗೆ ಎಲ್ಲ ಹೇಳಿದೆ. ಅವರು ಅಲ್ಲೇ ಯಾರನ್ನೋ ಇಲಿಗಳ ಲೆಕ್ಕ ಕೇಳಿದರು. ಕಾದೆ.

"ನಾಡಿದ್ದಿಗೆ ಎಂಟು ಇಲಿ ಸಿದ್ಧ ಇದೆ," ಎಂದರು ಕೊನೆಗೆ. "ಚೆನ್ನಾಗಿ ಬಂದ ಎರಡು ಬ್ಯಾಚಿನವನ್ನೇ ಕಳಿಸಬಹುದಿತ್ತಲ್ಲ ನೀನು. ನಾನು ಕೇಳ್ತಿರಲಿಲ್ಲ."

"ಗೊತ್ತು ಸರ್. ಆದ್ರೆ ಅವು ಯಾಕೆ ಚೆನ್ನಾಗಿ ಬಂದವು ಅಂತ ನನಗೆ ಪೂರ್ತಿ ಗೊತ್ತಿರಲಿಲ್ಲ. ಮೂರನೇದು ಸೋತ ಮೇಲೆ ಗೊತ್ತಾಯ್ತು."

"ಮುಂದಿನ ಸರದಿ ಏಳು ತಿಂಗಳ ಮೇಲೆ."

"ನಮ್ಮ ಹೆಸರು ಬರ್ಕೊಳ್ಳಿ."

"ನಿನ್ನ ಫೆಲೋಶಿಪ್ ಅಲ್ಲಿವರೆಗೆ ಇರುತ್ತಾ?"

"ಇರಲ್ಲ. ಬೆಳಿಗ್ಗೆ ಎಲ್ಲಾದ್ರೂ ಪಾಠ ಹೇಳ್ಕೊಂಡು ಮಧ್ಯಾಹ್ನ ಇಲ್ಲಿ ಕೆಲಸ ಮಾಡ್ತೀನಿ. ಕೊಳವೆ ತಗೊಂಡು ನಾನೇ ಬರ್ತೀನಿ."

ಅವರು ಹೆಸರು ಬರೆದುಕೊಳ್ಳುವ ಸದ್ದು ಕೇಳಿಸಿತು. ಅಥವಾ ನನಗೆ ಹಾಗೆನಿಸಿತು.

ಮರಳಿ ಬಂದಾಗ ಅಕ್ಕ ತೊಟ್ಟಿಯ ಪಕ್ಕದಲ್ಲಿ ಕಾಯುತ್ತಿದ್ದರು. ಹೋಯಿತು ಎಂದೆ. ಅವರು ಅಯ್ಯೋ ಎನ್ನಲಿಲ್ಲ. "ಏಳು ತಿಂಗಳಲ್ಲಿ ಎಷ್ಟು ಬ್ಯಾಚು ಮಾಡಬಹುದು?" ಎಂದು ಕೇಳಿದರು.

"ಇಪ್ಪತ್ತಾದ್ರೂ."

ನೋಟ್‌ಬುಕ್ ತೆರೆದು ಹದಿಮೂರನೇ ಸಾಲನ್ನು ಹೊಡೆದುಹಾಕಿದೆ. ಮೂರು ಸಲ ಎನ್ನುವುದರ ಬದಲು ಹೊಸದಾಗಿ ಬರೆದೆ: ಪ್ರತಿ ಸಲ ತೊಳೆದ ನೀರನ್ನು ಯಂತ್ರಕ್ಕೆ ಕೊಡುವುದು, ನೀರಿನಲ್ಲಿ ದ್ರಾವಕ ಕಾಣದಾಗುವವರೆಗೆ ತೊಳೆಯುವುದು. ಪಕ್ಕದಲ್ಲಿ ಎರಡು ಕಾಲಮು ಗೆರೆ ಹಾಕಿದೆ, ಒಂದು ಯಂತ್ರದ ಅಂಕಿಗೆ, ಇನ್ನೊಂದು ಅಕ್ಕ ಹೇಳಿದ್ದಕ್ಕೆ. ಎರಡೂ ಇಪ್ಪತ್ತು ಬ್ಯಾಚಿನಲ್ಲಿ ಒಂದೇ ಮಾತು ಹೇಳಿದರೆ ಆಗ ನಂಬುತ್ತೇನೆ.

ಪಾಕದ ಪಾತ್ರೆಯ ಮುಚ್ಚಳ ತೆಗೆದು, ಮೊದಲ ಕಡ್ಡಿಯನ್ನು ಅದ್ದಿದೆ.